ಸರ್ ಹೇಳದೆ ಉಳಿಸಿದ ದೃಷ್ಟಿ

ಮೊನ್ನೆ ಚಿಕ್ಕೋಡಿ ಬಸ್ಸಿನಲ್ಲಿ ಪಕ್ಕದ ಹಿರಿಯರೊಬ್ಬರು ಲವಂಗ ಬಾಯಿಗೆ ಹಾಕಿಕೊಂಡರು. ಆ ವಾಸನೆ ಬಂದದ್ದೇ ತಡ, ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದ ನಮ್ಮ ಸರ್ ನೆನಪಾದರು. ಪಾಠ ಮಾಡುವಾಗಲೂ ಅವರ ದವಡೆಯಲ್ಲಿ ಒಂದು ಲವಂಗ ಇದ್ದೇ ಇರುತ್ತಿತ್ತು. ಗುರುಗಳು ನೆನಪಾದರೆ ಕಣ್ಣು ತುಂಬಬೇಕು. ನನಗೆ ಮೈ ಉರಿಯಿತು.

ಅಥಣಿಯ ಕಾಲೇಜಿನಲ್ಲಿ ತತ್ವಶಾಸ್ತ್ರ ಆರಿಸಿಕೊಂಡವರು ನಾವು ಬೆರಳೆಣಿಕೆಯಷ್ಟು ಜನ. ದೇವರು ಇದ್ದಾನೋ ಇಲ್ಲವೋ, ಆತ್ಮಕ್ಕೆ ಸಾವುಂಟೋ ಇಲ್ಲವೋ ಎಂದು ಕಿತ್ತಾಡುತ್ತಿದ್ದೆವು. ಸರ್ ತಡೆಯುತ್ತಿದ್ದರು. ಮೊದಲು ಪ್ರಶ್ನೆಯನ್ನು ಬಿಡಿಸಿ ನೋಡಿ, ಒಂದರೊಳಗೆ ಎರಡು ಮೂರು ಸಿಕ್ಕಿಕೊಂಡಿರುತ್ತವೆ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ ಎನ್ನುತ್ತಿದ್ದರು. ನಮ್ಮ ಮನೆಯವರ ಹಾಗೆ ಅವರೂ ಜೈನರು. ಒಂದೇ ವಸ್ತುವನ್ನು ಹಲವು ದೃಷ್ಟಿಯಿಂದ ನೋಡಬೇಕೆನ್ನುವ ಸ್ಯಾದ್ವಾದವನ್ನು ಬಸದಿಯಲ್ಲಿ ಚಿಕ್ಕಂದಿನಿಂದ ಕೇಳಿದ್ದರೂ ಅದು ನನ್ನ ತಲೆಗೆ ಹೋದದ್ದು ಅವರ ತರಗತಿಯಲ್ಲೇ.

"ಒಂದು ದೃಷ್ಟಿಯಿಂದ ಹೌದು ಅನ್ನೂದು ಜಾರಿಕೊಳ್ಳಾಕ ಅಲ್ಲ. ಯಾವ ದೃಷ್ಟಿ ಅಂತ ಹೇಳಬೇಕು. ಹೇಳಲಿಲ್ಲಾ ಅಂದ್ರ ಅದು ಕಳ್ಳಮಾತು," ಎನ್ನುತ್ತಿದ್ದರು ಸರ್.

ಧಾರವಾಡಕ್ಕೆ ಹೋಗಿ ಎಂ.ಎ. ಮಾಡುವ ಹುಚ್ಚು ಹಿಡಿಸಿದವರೂ ಅವರೇ. ಅಪ್ಪ, ಸರ್ ಹಾಕಿದ ಗೆರೆ ದಾಟುವವರಲ್ಲ. ತಾವೇ ಬಂದು ಅಪ್ಪನಿಗೆ ಹೇಳುವುದಾಗಿ ಸರ್ ಮಾತು ಕೊಟ್ಟರು. ನಾನು ನಂಬಿ ಬಟ್ಟೆ ಕೂಡ ಜೋಡಿಸಿಟ್ಟಿದ್ದೆ...

ಶೇಡಬಾಳದ ನಮ್ಮ ಮನೆಗೆ ಬಂದರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ ಪಡಸಾಲೆಯಲ್ಲಿ ಕೂತಾಗ, ಹುಡುಗಿಯನ್ನು ಕಳಿಸಬೇಕೋ ಬೇಡವೋ ಎಂದು ಅಪ್ಪ ನೇರವಾಗಿ ಕೇಳಿದರು.

"ಒಂದು ದೃಷ್ಟಿಯಿಂದ ಕಳಸೂದು ಸರಿ ಐತ್ರಿ," ಎಂದರು ಸರ್. "ಇನ್ನೊಂದು ದೃಷ್ಟಿಯಿಂದ ನೋಡಿದ್ರ ಬ್ಯಾಡ ಅನಸ್ತೈತಿ."

ಬಾಗಿಲಲ್ಲಿ ನಿಂತಿದ್ದ ನಾನು ಕೇಳಿಯೇಬಿಟ್ಟೆ. "ಯಾವ ದೃಷ್ಟಿಯಿಂದ್ರಿ ಸರ್?"

ಅವರು ನನ್ನ ಕಡೆ ನೋಡಲಿಲ್ಲ. ದೊಡ್ಡವರ ನಡುವೆ ಬಾಯಿ ಹಾಕಬೇಡ ಎಂದು ಅಪ್ಪ ಗದರಿದರು. ಧಾರವಾಡದ ಮಾತು ಅಲ್ಲಿಗೆ ಮುಗಿಯಿತು.

ತಿಂಗಳು ತುಂಬುವುದರೊಳಗೆ ಸರ್ ಮತ್ತೆ ಬಂದರು, ಜೊತೆಗೆ ಅವರ ತಂಗಿ. ತಂಗಿಯ ಮಗನಿಗೆ ನನ್ನನ್ನು ಕೇಳಲು ಬಂದಿದ್ದರು. ಹುಡುಗನ ಕಡೆಯವರಿಗೆ ಅವಸರವಂತೆ, ನನ್ನ ಓದು ಮುಗಿಯುವವರೆಗೆ ಕಾಯುವವರಲ್ಲವಂತೆ. ಅವತ್ತು ಅವರು ಹೇಳದೆ ನುಂಗಿಕೊಂಡ ದೃಷ್ಟಿ ಯಾವುದೆಂದು ಆಗ ತಿಳಿಯಿತು ನನಗೆ.

ಆ ಹುಡುಗನನ್ನೇ ಮದುವೆಯಾಗಿ ನಿಪ್ಪಾಣಿಗೆ ಬಂದೆ. ಗಂಡ ಒಳ್ಳೆಯವರು. ಹಾಗಾದರೆ ಸರ್ ಮಾಡಿದ್ದರಲ್ಲಿ ತಪ್ಪೇನು ಎಂದು ನಮ್ಮ ಅಕ್ಕ ಈಗಲೂ ಕೇಳುತ್ತಾಳೆ. ಗಂಡ ಒಳ್ಳೆಯವರೋ ಎನ್ನುವುದು ಒಂದು ಪ್ರಶ್ನೆ, ಸರ್ ನನಗೆ ಕೈಕೊಟ್ಟರೋ ಎನ್ನುವುದು ಇನ್ನೊಂದು, ಎರಡನ್ನೂ ಕಲಸಬೇಡ ಮಾರಾಯ್ತಿ ಎನ್ನುತ್ತೇನೆ. ಹೀಗೆ ಬಿಡಿಸಿ ನೋಡುವುದನ್ನು ಕಲಿಸಿದವರೂ ಅವರೇ, ಏನು ಮಾಡಲಿ.

ಆಮೇಲೆ ಸರ್ ತಂಗಿಯ ಮನೆಗೆಂದು ಹಬ್ಬಕ್ಕೆ ಬಂದಾಗಲೆಲ್ಲ ಅವರಿಗೆ ನಾನೇ ಬಡಿಸಿದ್ದೇನೆ. ನಾನು ಮತ್ತೆ ಕೇಳಲಿಲ್ಲ, ಅವರೂ ಹೇಳಲಿಲ್ಲ... ಹೋದ ವರ್ಷ ತೀರಿಕೊಂಡರು. ಮೋಸ ಹೋದ ಸಿಟ್ಟು ಇನ್ನೂ ಆರಿಲ್ಲ. ಆದರೂ ಯಾವುದಾದರೂ ವಿಚಾರ ಕಗ್ಗಂಟಾಗಿ ಕೂತರೆ, ಇದನ್ನು ಸರ್‌ಗೆ ಕೇಳಬೇಕು ಎಂದೇ ಮೊದಲು ಅನಿಸುತ್ತದೆ.