ಸೆಪ್ಟೆಂಬರಿನ ಹತ್ತು ದಿನದ ಸಂಸಾರ

ಪ್ರಾಗಿನ ಹತ್ತಿರದ ಕೊಲೀನ್ ಊರಿನ ಗುಂಡಿ-ದಾರದ ಅಂಗಡಿಯಲ್ಲಿ ಮೂವತ್ತೊಂದು ವರ್ಷ ನಿಂತು ದುಡಿದ ವ್ಲಾಸ್ತಾಳನ್ನು ನಮ್ಮ ಕಡೆ ಅರಿಯದವರು ಕಡಿಮೆ. ಕೋಟಿನ ಗುಂಡಿ ಉದುರಿಹೋಗಿದೆ ಅಂತ ಹೋದರೆ, ಉಳಿದ ಗುಂಡಿಗಳನ್ನು ಒಂದು ಸಲ ನೋಡಿ, ಹಿಂದಿನ ಗೋಡೆಯ ನೂರಾರು ಡಬ್ಬಗಳಲ್ಲಿ ಸರಿಯಾದ ಡಬ್ಬಕ್ಕೇ ಕೈಹಾಕಿ, ಜೊತೆಯದನ್ನೇ ತೆಗೆದು ಕೊಡುತ್ತಿದ್ದಳು. ಕಣ್ಣು ಅಂಥದು. ಬಾಯಿ ಮಾತ್ರ ಕಣ್ಣಿನಷ್ಟು ಒಳ್ಳೆಯದಲ್ಲ. ಕೋಪ ಮೂಗಿನ ತುದಿಯಲ್ಲಿ. ಕೆಟ್ಟ ಮಾತು ನಾಲಿಗೆ ದಾಟಿದ ಮೇಲೇ ಅವಳಿಗೇ ಗೊತ್ತಾಗುವುದು. ಒಳ್ಳೆಯ ಮಾತೋ, ಹೊಟ್ಟೆಯೊಳಗೆ ಬೆಚ್ಚಗೆ ಕೂತುಬಿಡುತ್ತಿತ್ತು, ಎಳೆದರೂ ಹೊರಗೆ ಬರುತ್ತಿರಲಿಲ್ಲ.

ಗಂಡ ಆಲೋಯಿಸ್, ಮನೆಯಲ್ಲಿ ಲೋಯ್ಜಾ, ರೈಲ್ವೆಯವನು. ಕೆಂಪು ಟೋಪಿ ಹಾಕಿಕೊಂಡು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಗಾಡಿ ಬಿಡುವ ಕೆಲಸ. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಅವನು ಬರುವ ಹೊತ್ತಿಗೆ ಇವಳು ಅಂಗಡಿಗೆ ಹೊರಟಿರುತ್ತಿದ್ದಳು, ಇವಳು ಬರುವ ಹೊತ್ತಿಗೆ ಅವನು ಟೋಪಿ ಹುಡುಕುತ್ತಿರುತ್ತಿದ್ದ. ಮಕ್ಕಳಾಗಲಿಲ್ಲ. ಮೂವತ್ತಾರು ವರ್ಷ ಹೀಗೆ ಬಾಗಿಲಲ್ಲೇ ಭೇಟಿಯಾಗುತ್ತ ಜಗಳವಿಲ್ಲದೆ ಬಾಳಿದರು. ಜಗಳಕ್ಕೂ ಇಬ್ಬರೂ ಒಂದೇ ಹೊತ್ತಿಗೆ ಮನೆಯಲ್ಲಿ ಇರಬೇಕಲ್ಲ!

ಇಬ್ಬರಿಗೂ ಪಿಂಚಣಿ ಬಂದಮೇಲೆ ಶುರುವಾಯಿತು ನೋಡಿ. ಲೋಯ್ಜಾನಿಗೆ ಬಿಡಲು ಗಾಡಿಯಿಲ್ಲ, ಮನೆಯನ್ನೇ ಸ್ಟೇಷನ್ ಮಾಡಿದ. ಬಟ್ಟೆ ಒಗೆಯುವುದು ಎಂಟು ಹತ್ತಕ್ಕೆ, ಆಲೂಗಡ್ಡೆ ಒಲೆಯ ಮೇಲೆ ಹನ್ನೊಂದು ಇಪ್ಪತ್ತಕ್ಕೆ ಅಂತ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಮೂರು ವಾರ ವ್ಲಾಸ್ತಾ ತಡೆದಳು. ನಾಲ್ಕನೆಯ ವಾರ ಆಲೂಗಡ್ಡೆ ಐದು ನಿಮಿಷ ತಡವಾಯಿತು ಅಂತ ಅವನು ಅಂದಾಗ, ಕೈಲಿದ್ದ ಸೌಟನ್ನು ಸಿಂಕಿಗೆ ಎಸೆದು ಅಂದುಬಿಟ್ಟಳು: "ನಿಂಬುರ್ಕ್‌ನಲ್ಲಿ ನಿಮ್ಮಮ್ಮನ ಮನೆ ಖಾಲಿ ಬಿದ್ದಿದೆಯಲ್ಲ, ಅಲ್ಲಿಗೇ ಹೋಗಿ ಸ್ಟೇಷನ್ ನಡೆಸು."

ಅವನು ಎರಡು ಸೂಟ್‌ಕೇಸ್ ತುಂಬಿಕೊಂಡು ಮಧ್ಯಾಹ್ನದ ಗಾಡಿಗೇ ಹೋದ. ಸಂಜೆಗೆ ವಾಪಸು ಬರುತ್ತಾನೆ ಅಂತ ವ್ಲಾಸ್ತಾ ಅವನ ಪಾಲಿನ ಸಾರನ್ನು ಮುಚ್ಚಿಟ್ಟಳು. ಮರುದಿನವೂ ಇಟ್ಟಳು. ನಿಂಬುರ್ಕ್ ಎಷ್ಟು ದೂರ, ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಹೋಗಿ ಕರೆದಿದ್ದರೆ ಮುಗಿಯುತ್ತಿತ್ತು. ಕರೆಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಹೋದ ಮಾತಿನಿಂದ ಹೋಗುವುದು ಅದಕ್ಕಿಂತ ಹೆಚ್ಚು ಅಂತ ನನಗನ್ನಿಸುತ್ತದೆ. ಹನ್ನೊಂದು ವರ್ಷ ಹೋಯಿತು.

ಆದರೆ ಪಾಸು ಒಂದಿತ್ತು. ರೈಲ್ವೆಯವರ ಹೆಂಡತಿಗೆ ಕಾರ್ಡು ಇರುತ್ತದೆ, ಅದಿದ್ದರೆ ಗಾಡಿಗಳಲ್ಲಿ ಪುಕ್ಕಟೆ ತಿರುಗಾಟ. ವಿಚ್ಛೇದನವಾದರೆ ಕಾರ್ಡು ಹೋಗುತ್ತದೆ, ಇವರು ಅಲ್ಲಿಯವರೆಗೆ ಹೋಗಿರಲಿಲ್ಲ. ಬೇರೆಯಾದ ವರ್ಷ ಸೆಪ್ಟೆಂಬರಿನಲ್ಲಿ ಲೋಯ್ಜಾ ಫೋನು ಮಾಡಿದ. ಕುಶಲ ಕೇಳಲಿಲ್ಲ. ಪಾಸು ಸುಮ್ಮನೆ ಹಾಳಾಗುತ್ತಿದೆ, ಹತ್ತು ದಿನ ಹಳೇ ಊರುಗಳನ್ನು ನೋಡಿಬರೋಣವಾ ಅಂದ. ಹಾಳು ಯಾಕೆ ಮಾಡಬೇಕು, ಬರುತ್ತೇನೆ ಅಂದಳು ಇವಳು. ಅಲ್ಲಿಂದ ಪ್ರತಿ ಸೆಪ್ಟೆಂಬರಿಗೂ ಹತ್ತು ದಿನ. ಒಂದು ವರ್ಷ ಆಸ್ಟ್ರಿಯಾದ ಮಠದ ಊರುಗಳು, ಒಂದು ವರ್ಷ ಹಂಗೆರಿ, ಒಂದು ವರ್ಷ ಬವೇರಿಯಾ. ಅವಸರದ ಗಾಡಿ ಬೇಡ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಗಾಡಿಯೇ ಆಗಬೇಕು. ಊರಿಗೊಂದು ದಿನ, ಇಲ್ಲವೆ ಎರಡು. ರಾತ್ರಿ ತಂಗಲು ಎರಡು ರೂಮು. ಬೆಳಿಗ್ಗೆ ಐದಕ್ಕೆ ಗೋಡೆಯ ಆಚೆ ಅವನು ಕೆಮ್ಮುವುದು ಇವಳಿಗೆ ಕೇಳುತ್ತಿತ್ತು. ಆ ಕೆಮ್ಮು ಕೇಳಿದಮೇಲೆ ಇನ್ನೊಂದು ತಾಸು ಒಳ್ಳೆಯ ನಿದ್ದೆ ಬರುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ.

ಪಕ್ಕದ ಮನೆಯ ಹಾವ್ರಾನ್‌ಕೊವಾ ಬಿಡುವ ಪೈಕಿಯಲ್ಲ. "ಹತ್ತು ದಿನ ಗಂಡ ಬೇಕು, ಮುನ್ನೂರೈವತ್ತೈದು ದಿನ ಬೇಡ. ಒಳ್ಳೇ ವ್ಯವಸ್ಥೆ ಕಣೇ" ಅಂತ ಅಣಕಿಸುತ್ತಿದ್ದಳು. ವ್ಲಾಸ್ತಾ ಪ್ರತಿ ಸಲವೂ ಅದೇ ಉತ್ತರ ಕೊಡುತ್ತಿದ್ದಳು: ಗಂಡ ಯಾರಿಗೆ ಬೇಕು, ಪುಕ್ಕಟೆ ಪಾಸು, ಅದಕ್ಕೆ ಹೋಗುತ್ತೇನೆ. ಹೇಳಿ ಹೇಳಿ ಅದು ಇಡೀ ಬೀದಿಗೇ ಬಾಯಿಪಾಠವಾಗಿತ್ತು.

ಈ ವರ್ಷ ಮಾರ್ಚಿನಲ್ಲಿ ಅವಳಿಗೆ ಜ್ವರ ಬಂತು. ಹಾವ್ರಾನ್‌ಕೊವಾ ಮಗಳ ಊರಿಗೆ ಹೋಗಿದ್ದಳು. ನಾಲ್ಕು ದಿನ ಯಾರೂ ಬಾಗಿಲು ತಟ್ಟಲಿಲ್ಲ, ಫೋನು ಮಾಡಲಿಲ್ಲ. ಐದನೆಯ ದಿನ ಬ್ರೆಡ್ಡು ತರಲು ಅಂಗಡಿಗೆ ಹೋಗಿ ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಜ್ವರಕ್ಕಲ್ಲ, ನಾಲ್ಕು ದಿನ ಮಾತಾಡಿರಲಿಲ್ಲ, ಅದಕ್ಕೆ. ಬ್ರೆಡ್ಡು ಹಿಡಿದು ಮನೆಗೆ ಬಂದು ಅಡಿಗೆಮನೆಯಲ್ಲಿ ಕೂತು ಅತ್ತಳು. ಸೆಪ್ಟೆಂಬರಿನಲ್ಲಿ ಹೇಳಿಬಿಡುತ್ತೇನೆ ಅಂತ ಅವತ್ತೇ ನಿಶ್ಚಯ ಮಾಡಿದಳು. ಎರಡೇ ಮಾತು: ಮನೆಗೆ ಬಾ. ಬೇಸಿಗೆಯೆಲ್ಲ ಪಾತ್ರೆ ತೊಳೆಯುತ್ತ, ಕಿಟಕಿ ಒರೆಸುತ್ತ, ಆ ಎರಡು ಮಾತನ್ನು ಗಟ್ಟಿಯಾಗಿ ಆಡಿ ಆಡಿ ರೂಢಿ ಮಾಡಿಕೊಂಡಳು.

ಈ ಸಲ ನೋಡುವುದು ನಮ್ಮ ದೇಶದ್ದೇ ಊರುಗಳು ಅಂತಾಗಿತ್ತು. ಹೊರಡುವ ದಿನ ಹದಿನಾಲ್ಕು ಷ್ನಿಟ್ಸೆಲ್ ಕರಿದಳು. ಹಂದಿಮಾಂಸವನ್ನು ಬಡಿದು ತೆಳ್ಳಗೆ ಮಾಡಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದು, ಎರಡು ಬ್ರೆಡ್ಡಿನ ನಡುವೆ ಇಟ್ಟು ಕಟ್ಟಿಕೊಳ್ಳದೆ ನಮ್ಮ ಜನ ಮನೆಯ ಹೊಸ್ತಿಲು ದಾಟುವವರಲ್ಲ. ಗಾಡಿ ಸ್ಟೇಷನ್ ಬಿಟ್ಟು ಹತ್ತು ನಿಮಿಷವಾಗಿರಲಿಲ್ಲ, ಲೋಯ್ಜಾ ಡಬ್ಬ ತೆರೆದ. ಹದಿನಾಲ್ಕಾ, ಯಾವ ಸೈನ್ಯಕ್ಕೆ ಅಂತ ಕೇಳಿದ. ನಿನ್ನ ಹೊಟ್ಟೆ ಒಂದೇ ಒಂದು ಸೈನ್ಯ ಅಂದಳು. ಇಬ್ಬರೂ ನಕ್ಕರು. ಹೇಳುವುದಾದರೆ ಆಗಲೇ ಹೇಳಬಹುದಿತ್ತು. ಬಾಯಲ್ಲಿ ತುತ್ತಿತ್ತು.

ಟೆಲ್ಚ್‌ನಲ್ಲಿ ಚೌಕದ ಸುತ್ತಲಿನ ಕಮಾನುಗಳ ಕೆಳಗೆ ನಡೆದರು. ಮಳೆ ಜಿನುಗುತ್ತಿತ್ತು, ಪ್ರವಾಸಿಗರ ಕಾಲ ಮುಗಿದಿತ್ತು, ಜನರಿಲ್ಲ. ಅವನು ಇವಳ ಚೀಲವನ್ನೂ ಹೆಗಲಿಗೆ ಹಾಕಿಕೊಂಡಿದ್ದ. ಈಗ ಹೇಳಿಬಿಡುತ್ತೇನೆ ಅಂದುಕೊಂಡಳು. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಅವನು ಕಮಾನಿನ ಆಚೆ ಕಂಬದ ಹಿಂದೆ ಹೋಗಿ ಮಾತಾಡಿ ಬಂದ. ಯಾರು ಅಂತ ಇವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಹ್ರಾದೆತ್ಸ್‌ನಲ್ಲಿ ಅರಮನೆ ನೋಡಿ ಕೆರೆಯ ಕಡೆ ಕೂತರು. ಅಲ್ಲಿಯೂ ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ನುಂಗಿ, ಈ ಸಲ ಬಾತುಗಳು ಕಡಿಮೆ ಅಲ್ಲವಾ ಅಂದಳು. ಥೂ, ಏನು ಹೆಂಗಸೋ ನಾನು ಅಂತ ತನ್ನನ್ನೇ ಬೈದುಕೊಂಡಳು.

ಕ್ರುಮ್ಲೋವ್‌ನಲ್ಲಿ ನದಿಯ ಸೇತುವೆಯ ಮೇಲೆ ಒಂದು ಹೊಸ ಜೋಡಿ ಇವರನ್ನು ನಿಲ್ಲಿಸಿ ಫೋಟೋ ತೆಗೆಯಲು ಕೇಳಿತು. ಲೋಯ್ಜಾ ತೆಗೆದುಕೊಟ್ಟ. ನಿಮ್ಮದೂ ತೆಗೆಯುತ್ತೇನೆ ಅಂದಳು ಆ ಹುಡುಗಿ. ಬೇಡ ಅನ್ನುವಷ್ಟರಲ್ಲಿ ಇಬ್ಬರನ್ನೂ ನಿಲ್ಲಿಸಿಯಾಗಿತ್ತು. ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದರು.

"ಅಜ್ಜಿ, ಸ್ವಲ್ಪ ಹತ್ತಿರ ಬನ್ನಿ. ನಿಮ್ಮವರೇ ತಾನೆ?" ಅಂದಳು ಹುಡುಗಿ.

ಲೋಯ್ಜಾ ಹತ್ತಿರ ಸರಿದು ಇವಳ ಭುಜದ ಮೇಲೆ ಕೈಯಿಟ್ಟ. ಹನ್ನೊಂದು ವರ್ಷದ ಮೇಲೆ ಇಟ್ಟ ಕೈ. ಕೋಟಿನ ಮೇಲಿಂದಲೂ ಅದರ ಬಿಸಿ ವ್ಲಾಸ್ತಾಳಿಗೆ ತಿಳಿಯಿತು. ಜೋಡಿ ಹೋದಮೇಲೂ ಕೈ ಒಂದು ಗಳಿಗೆ ಅಲ್ಲೇ ಇತ್ತು. ಇವಳು ಬಾಯಿ ತೆರೆದಳು. "ಹನ್ನೊಂದು ನಲವತ್ತಕ್ಕೆ ಗಾಡಿ" ಅಂತ ಅವನು ಕೈ ತೆಗೆದ. ಅವನಾದರೂ ಯಾಕೆ ಹಾಗೆ ಅವಸರದಲ್ಲಿ ಕೈ ತೆಗೆದ ಅಂತ ಅವಳು ಗಾಡಿಯುದ್ದಕ್ಕೂ ಯೋಚಿಸುತ್ತಿದ್ದಳು.

ಅದು ಟಾಬೋರ್‌ನಲ್ಲಿ ತಿಳಿಯಿತು. ಒಂಬತ್ತನೆಯ ದಿನ. ಮಧ್ಯಾಹ್ನದ ಊಟಕ್ಕೆ ಒಂದು ನೆಲಮಾಳಿಗೆಯ ಹೋಟೆಲಿನಲ್ಲಿ ಕೂತಿದ್ದರು. ಕೆನೆ ಗೊಜ್ಜಿನ ದನದ ಮಾಂಸ, ಮೇಲೆ ಹುಳಿಹಣ್ಣಿನ ಚಟ್ನಿ, ಪಕ್ಕಕ್ಕೆ ಐದು ತುಂಡು ಕಡುಬು. ಲೋಯ್ಜಾ ಎರಡು ತುಂಡು ತಿಂದು ಫೋರ್ಕು ಕೆಳಗಿಟ್ಟ. ಅವನು ಊಟವನ್ನು ನಡುವೆ ಬಿಡುವವನಲ್ಲ.  ಕಾಗದ ತುಂಬಿದ ಲಕೋಟೆಯೊಂದನ್ನು ಕೋಟಿನ ಒಳಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ನಿಂಬುರ್ಕ್‌ನಲ್ಲಿ ಯಿತ್ಕಾ ಅಂತ ಒಬ್ಬಳು ಇದ್ದಾಳೆ, ಅವಳ ಗಂಡ ತೀರಿಹೋಗಿ ಆರು ವರ್ಷ, ಅಂಚೆ ಕಚೇರಿಯಲ್ಲಿದ್ದವಳು. ಚಳಿಗಾಲದಿಂದ ಪರಿಚಯ ಬೆಳೆದಿದೆ. ಮೇ ತಿಂಗಳಿನಲ್ಲಿ ಅವಳಿಗೆ ಮಾತು ಕೊಟ್ಟಿದ್ದೇನೆ. ಹೀಗೇ ಇರಬಹುದು, ಆದರೆ ಅವಳಿಗೆ ಮದುವೆಯಾಗಿಯೇ ಇರಬೇಕು ಅಂತ ಆಸೆ. ಇಷ್ಟನ್ನೂ ಅವನು ತಟ್ಟೆ ನೋಡುತ್ತ ಹೇಳಿದ. ಒಂಬತ್ತು ದಿನದಿಂದ ಹೇಳಬೇಕು ಅಂತಿದ್ದೆ, ಬಾಯಿ ಬರಲಿಲ್ಲ ಅಂದ.

ನೋಡಿ ಹೇಗಿದೆ! ಒಂದೇ ಬೆಂಚಿನ ಮೇಲೆ ಕೂತು, ಇಬ್ಬರೂ ಒಂಬತ್ತು ದಿನ ಒಂದೊಂದು ಮಾತು ಹೊತ್ತುಕೊಂಡು ತಿರುಗಿದ್ದರು.

"ನಿನಗೇನೂ ಬೇಜಾರಿಲ್ಲ ತಾನೆ?" ಅಂತ ಕೇಳಿದ. "ಪಾಸು ಹೋಗತ್ತೆ ಅನ್ನೋದೊಂದೇ. ನೀನು ಬರ್ತಿದ್ದಿದ್ದು ಪಾಸು ಹಾಳಾಗಬಾರದು ಅಂತ. ಊರೆಲ್ಲ ಹಾಗೇ ಅಂತಾರೆ."

ಒಂದು ಮಾತಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಬೇಸಿಗೆಯೆಲ್ಲ ರೂಢಿ ಮಾಡಿದ ಮಾತು. ಆದರೆ ಲಕೋಟೆ ನೋಡಿದ ಕೂಡಲೇ ಹಟ ಬಂದು ಮುಂದೆ ಕೂತುಬಿಟ್ಟಿತ್ತು.

"ಹೌದು, ಮತ್ತೇನು?" ಅಂದಳು ವ್ಲಾಸ್ತಾ. "ಪಾಸಿಗಲ್ಲದೆ ನಿನ್ನ ಮುಖ ನೋಡೋಕೆ ಬರ್ತಿದ್ನಾ?"

ಅವನು ನಕ್ಕ, ಆದರೆ ಮುಖ ಸಣ್ಣದಾಯಿತು. ಅವಳು ಪೆನ್ನು ಕೇಳಿ ಪಡೆದು, ಲಕೋಟೆಯಲ್ಲಿದ್ದ ವಿಚ್ಛೇದನದ ಕಾಗದಗಳಿಗೆ ಅವನು ತೋರಿಸಿದಲ್ಲೆಲ್ಲ ಸಹಿ ಹಾಕಿದಳು. ಗುಂಡಿ ಅಂಗಡಿಯ ರಸೀದಿಗೆ ಹಾಕುತ್ತಿದ್ದ ಅದೇ ಚೊಕ್ಕ ಸಹಿ. ಆಮೇಲೆ ಪರ್ಸಿನಿಂದ ಪಾಸಿನ ಕಾರ್ಡು ತೆಗೆದು ಅವನ ತಟ್ಟೆಯ ಪಕ್ಕ ಇಟ್ಟಳು. ಕೋರ್ಟಿನಲ್ಲಿ ಆಗುವವರೆಗೂ ಅದು ನಿನ್ನದೇ, ಇಟ್ಟುಕೋ, ನಾಳೆ ಜೊತೆಯಲ್ಲೇ ಹೋಗೋಣ ಅಂತ ಅವನು ಎಷ್ಟು ಹೇಳಿದರೂ ಕೇಳಲಿಲ್ಲ. ಊಟ ಚೆನ್ನಾಗಿತ್ತು, ನಾನು ಇವತ್ತೇ ಹೊರಡುತ್ತೇನೆ ಅಂದಳು. ರೂಮಿಗೆ ಹೋಗಿ ಚೀಲ ಕಟ್ಟಿ, ಸ್ಟೇಷನ್ನಿಗೆ ನಡೆದಳು.

ಟಿಕೆಟ್ ಕಿಟಕಿಯ ಮುಂದೆ ನಿಂತಾಗ ಅವಳಿಗೊಂದು ವಿಷಯ ತಟ್ಟಿತು. ರೈಲ್ವೆಯವನನ್ನು ಮದುವೆಯಾದ ಮೇಲೆ ಒಂದು ದಿನವೂ ಅವಳು ಟಿಕೆಟ್ ಕೊಂಡಿರಲಿಲ್ಲ. ಕೊಲೀನ್ ಅಂದಳು, ಮುಂದೇನು ಹೇಳಬೇಕೋ ತಿಳಿಯಲಿಲ್ಲ. ಒಳಗಿನ ಹೆಂಗಸು ಹೋಗುವುದಕ್ಕಷ್ಟೇನಾ, ಬರುವುದಕ್ಕೂನಾ, ರಿಯಾಯಿತಿ ಯಾವುದು, ಹುಟ್ಟಿದ ವರ್ಷ ಯಾವುದು ಅಂತ ಕೇಳುತ್ತಲೇ ಇದ್ದಳು. ಹಿಂದೆ ಸಾಲು ಬೆಳೆಯಿತು. ನಲವತ್ತೇಳು ವರ್ಷ ರೈಲ್ವೆಯವನ ಹೆಂಡತಿಯಾಗಿದ್ದವಳು ನೋಟು ಹಿಡಿದು, ಮೊದಲ ಸಲ ಪೇಟೆ ಕಂಡವಳ ಹಾಗೆ ನಿಂತಳು. ಕಡೆಗೆ ಆ ಹೆಂಗಸೇ ಎಲ್ಲ ಒತ್ತಿ ಚೀಟಿ ಕೊಟ್ಟಳು.

ಗಾಡಿ ಬಂದು ನಿಂತಿತ್ತು. ಎದುರಿಗಿದ್ದ ಕಡೆಯ ಬೋಗಿಗೇ ಹತ್ತಿ ಕಿಟಕಿಯ ಹತ್ತಿರ ನಿಂತಳು. ಆಗ ಕಂಡ ಲೋಯ್ಜಾ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬರುತ್ತಿದ್ದ. ಕರೆದುಕೊಂಡು ಹೋಗಲು ಬಂದನೇನೋ ಅಂತ ಒಂದು ಗಳಿಗೆ ಅವಳಿಗೆ ಆಸೆಯಾಯಿತು. ಸುಳ್ಳು ಯಾಕೆ ಹೇಳಬೇಕು, ಬಹಳ ಆಸೆಯಾಯಿತು. ಕಿಟಕಿ ಕೆಳಗಿಳಿಸಿದಳು.

"ಪ್ರಾಗಿನಲ್ಲಿ ಗಾಡಿ ಬದಲಿಸೋಕೆ ಏಳೇ ನಿಮಿಷ ಇರೋದು" ಅಂದ ಅವನು. "ಇಲ್ಲಿ ನಿಲ್ಲಬೇಡ, ಎಲ್ಲಕ್ಕೂ ಮುಂದಿನ ಬೋಗಿಗೆ ಹೋಗು, ಅಲ್ಲಿ ಮೆಟ್ಟಿಲು ಅದಕ್ಕೇ ಹತ್ತಿರ. ನಿನ್ನ ಮಂಡಿಗೆ ಅಷ್ಟು ದೂರ ನಡೆಯೋದು ಆಗಲ್ಲ."

ಅವಳ ಮಂಡಿ ನೋಯುವುದನ್ನು ಅವಳು ಅವನಿಗೆ ಎಂದೂ ಹೇಳಿರಲಿಲ್ಲ.  ಈ ಸಲ ಮಾತು ಬಂತು, ತಾನಾಗಿಯೇ ಬಂತು.

"ಲೋಯ್ಜಾ, ಪಾಸಿಗೋಸ್ಕರ ಅಂದೆನಲ್ಲ, ಅದು ಸುಳ್ಳು. ಒಂದು ವರ್ಷವೂ ಪಾಸಿಗೋಸ್ಕರ ಬರಲಿಲ್ಲ ನಾನು. ಮನೆಗೆ ಬಾ."

ಅವನು ಕತ್ತೆತ್ತಿ ಅವಳನ್ನು ನೋಡುತ್ತ ನಿಂತ. ಪ್ಲಾಟ್‌ಫಾರ್ಮಿನ ಆ ತುದಿಯಿಂದ ಸೀಟಿ ಕೇಳಿಸಿತು, ಬಾಗಿಲುಗಳು ಮುಚ್ಚಿಕೊಂಡವು.

"ಹೋದ ವರ್ಷ ಕರೆದಿದ್ದರೂ ಬರ್ತಿದ್ದೆ, ವ್ಲಾಸ್ತಾ" ಅಂದ.

ದನಿಯಲ್ಲಿ ಸಿಟ್ಟಿರಲಿಲ್ಲ. ಗಾಡಿ ಹೊರಟಿತು. ಅವನು ಕಾಣುವಷ್ಟು ದೂರವೂ ಅವಳು ಕಿಟಕಿಯಲ್ಲೇ ಇದ್ದಳು. ಆಮೇಲೆ ಚೀಲ ಎತ್ತಿಕೊಂಡು, ಸೀಟುಗಳ ಬೆನ್ನು ಹಿಡಿದು ಹಿಡಿದು ಮಂಡಿ ಎಳೆಯುತ್ತ, ಒಂದೊಂದೇ ಬೋಗಿ ದಾಟಿ, ಅವನು ಹೇಳಿದ ಹಾಗೆ ಎಲ್ಲಕ್ಕೂ ಮುಂದಿನ ಬೋಗಿಗೆ ಹೋಗಿ ಕೂತಳು.