ಹೊಲಿಗೆ ಕೋಣೆಯ ಕಿಟಕಿ

ಮೂವತ್ತು ವರ್ಷಗಳಿಂದ ಆಕೆ ಬಟ್ಟೆ ಹೊಲಿಯುತ್ತಿದ್ದುದು ಮನೆಯ ಹಿಂದಿನ, ತಗಡಿನ ಸೂರಿನ ಕೋಣೆಯಲ್ಲಿ. ಬೀದಿಯವರಿಗೆಲ್ಲ ಆಕೆ ಟೈಲರಕ್ಕ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಗಂಡನಿಗೆ ಆ ಬೇಸಿಗೆಯಲ್ಲಿ ಏಸಿ ಹಾಕಿಸುವ ಹುಚ್ಚು ಹತ್ತಿತು. ಬೇಕೋ ಬೇಡವೋ ಎಂದು ಅವನೂ ಅವನ ತಮ್ಮನೂ ತಿಂಗಳಿಡೀ ಚರ್ಚಿಸಿದರು. ಆಕೆಯನ್ನು ಯಾರೂ ಕೇಳಲಿಲ್ಲ.

ಅಳತೆ ತೆಗೆಯಲು ಬಂದ ಮೆಕ್ಯಾನಿಕ್ ಮನೆಯೆಲ್ಲ ಸುತ್ತಿ, ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತ. "ಯಜಮಾನ್ರೇ, ಅಕ್ಕ ಇಲ್ಲಿ ಬೆಂದು ಹೋಗ್ತಿದ್ದಾರೆ. ಇಲ್ಲೇ ಹಾಕ್ಸಿ. ಚಳಿಗಾಲಕ್ಕೆ ಬಿಸಿ ಗಾಳಿನೂ ಬರುತ್ತೆ."

"ಅವಳಿಗೆ ಅಭ್ಯಾಸ ಆಗೋಗಿದೆ ಬಿಡಪ್ಪ. ನಡುಮನೆಗೆ ಹಾಕು, ನಾಲ್ಕು ಜನ ಬಂದು ಹೋಗೋ ಜಾಗ," ಎಂದ ಗಂಡ.

ಟೈಲರಕ್ಕ ಸೆರಗಿನಿಂದ ಬೆವರು ಒರೆಸಿಕೊಂಡು ಮೆಷಿನ್ ತುಳಿದಳು.

ಏಸಿಯ ಹೊರಗಿನ ಪೆಟ್ಟಿಗೆಗೆ ಸಿಕ್ಕಿದ್ದು ಆಕೆಯ ಕಿಟಕಿಯ ಪಕ್ಕದ ಗೋಡೆ. ನಡುಮನೆ ತಣ್ಣಗಾದಷ್ಟೂ ಅದು ಆಕೆಯ ಮುಖಕ್ಕೆ ಬಿಸಿಗಾಳಿ ಉಗುಳುತ್ತಿತ್ತು. ಒಂದು ಮಧ್ಯಾಹ್ನ ಬೆವರು ಕಣ್ಣಿಗಿಳಿದು, ಮೆಷಿನ್ನಿನ ಸೂಜಿ ಬೆರಳಿಗೇ ಹೊಕ್ಕಿತು.

"ರೀ, ಆ ಗಾಳಿ ತಡ್ಕೊಳ್ಳಕ್ಕಾಗ್ತಿಲ್ಲ."

"ಕಿಟಕಿ ಮುಚ್ಕೊಳ್ಳೇ," ಎಂದ ಅವನು, ಟಿವಿಯಿಂದ ಕಣ್ಣು ಕೀಳದೆ.

ಮುಚ್ಚಿದಳು. ಒಳಗೆ ಉಸಿರು ಕಟ್ಟಿತು. ವಾರದೊಳಗೆ, ಒಪ್ಪಿಕೊಂಡಿದ್ದ ಬಟ್ಟೆಗಳನ್ನೆಲ್ಲ ಹೊಲಿಯದೆಯೇ ಮನೆಮನೆಗೆ ಹೋಗಿ ಹಿಂದಿರುಗಿಸಿ ಬಂದಳು. ಮೆಷಿನ್ನಿಗೆ ಎಣ್ಣೆ ಬಿಟ್ಟು, ಮೇಲೊಂದು ಹಳೆಯ ದುಪ್ಪಟಿ ಹೊದಿಸಿದಳು.

ಯಾಕೆಂದು ಗಂಡ ಇಂದಿಗೂ ಕೇಳಿಲ್ಲ. ಮನೆಗೆ ಬಂದವರ ಮುಂದೆ ಮಾತ್ರ ತೊಡೆ ತಟ್ಟಿ ನಗುತ್ತಾನೆ: "ಏಸಿ ಹಾಕ್ಸಿದ್ದೇ ಹಾಕ್ಸಿದ್ದು, ನಮ್ಮೋಳು ಸೋಮಾರಿ ಆಗ್ಬಿಟ್ಳು ನೋಡಿ!"

ತಂಪಿನಲ್ಲಿ ಕೂತ ಅವರೂ ನಗುತ್ತಾರೆ.