ಎಣ್ಣೆ ತಲೆ, ನರದ ಪರೀಕ್ಷೆ

ಗೆಳೆಯರೇ, ಇಂದು ನವಲಗುಂದದ ನಮ್ಮ ನರರೋಗ ತಪಾಸಣೆ ಶಿಬಿರಕ್ಕೆ ಜಮಖಾನ ನೇಯುವ ಅಜ್ಜಿಯೊಬ್ಬರು ಬಂದಿದ್ದರು. ಬಲಗೈ ಜೋಮು ಹಿಡಿದು ನೇಯ್ಗೆ ನಿಂತಿತ್ತು. ಮಣಿಕಟ್ಟಿನ ನರಕ್ಕೆ ಸಣ್ಣ ವಿದ್ಯುತ್ ತಾಗಿಸಿ, ಅದು ಮಿದುಳನ್ನು ಮುಟ್ಟುತ್ತದೆಯೇ ಎಂದು ತಲೆಗೆ ತಂತಿ ಅಂಟಿಸಿ ಅಳೆಯಬೇಕಿತ್ತು. ತಂತಿ ಜಾರಿತು, ತಲೆ ತುಂಬ ಕೊಬ್ಬರಿ ಎಣ್ಣೆ.

“ತಲಿ ತೊಳ್ಕೊಂಡು ಬರ್ರಿ ಅಂದಿದ್ದೆನಲ್ರಿ ಅಮ್ಮಾ.”

“ತೊಳ್ಕೊಂಡ ಮ್ಯಾಲೇ ಸೊಸಿ ಹಚ್ಚ್ಯಾಳವಾ. ಕೆದರಿದ ತಲೀಲೆ ದವಾಖಾನಿಗೆ ಬರಾಕ ಆಗ್ತೈತೇನ?”

ನಲ್ಲಿಯ ಕೆಳಗೆ ನಾನೇ ತೊಳೆದೆ. ಒಣಗಿದ ಮೇಲೆ ತಂತಿ ಮತ್ತೆ ಅಂಟಿಸಿದೆ, ಯಂತ್ರದ ಪರದೆಯಲ್ಲಿ ಅಲೆ ಎದ್ದಿತು.

“ಸ್ವಲ್ಪ ತಡಾ ಆದ್ರೂ ಮುಟ್ಟಾಕತ್ತೈತ್ರಿ.”

“ಅಷ್ಟಾದ್ರ ಸಾಕು. ಈಗ ಹೆರಳ ಹಾಕು, ಹಿಂಗ ನಾ ಬಸ್ ಹತ್ತೂದಿಲ್ಲ.”

ನಾನು ಹಾಕಿದ ಹೆರಳನ್ನು ಅವರು ಎಡಗೈಯಿಂದ ಸವರಿ ನೋಡಿ, ಬಿಚ್ಚಿಸಿ, ಮತ್ತೆ ಹಾಕಿಸಿದರು. ತರಗತಿಗೆ ಸದಾ ಮೊದಲಿಗಳಾದ ನಾನು ಎರಡನೆಯ ಪ್ರಯತ್ನದಲ್ಲಿ ತೇರ್ಗಡೆಯಾದದ್ದು ಇದೇ ಮೊದಲು.